ಅರವತ್ನಾಲ್ಕು ಬಾಗಿಲು

೧೯೮೬ ನವೆಂಬರ್ ೬, ಗುರುವಾರ

ನನ್ನ ಗಂಡ ಲೈಲ್ ಯಾವ ಮಾತು ಮರೆತ, ಯಾವುದಕ್ಕೆ ಏನು ಹೇಳಿದ, ದಿನಾ ಬರೆದಿಡಿ ಎಂದು ಮಿಲ್ವಾಕಿಯ ಡಾಕ್ಟರು ಹೇಳಿದ್ದಾರೆ. ಅವರ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಇವತ್ತು ಚಮಚಕ್ಕೆ ‘ಏಣಿ’ ಎಂದ, ನಾಯಿಗೆ ‘ಮಂಗಳವಾರ’ ಎಂದ. ಈ ನೋಟ್‌ಬುಕ್ ಮಾತ್ರ ನನ್ನದು. ಡಾಕ್ಟರಿಗೆ ಹೇಳಲಾಗದ್ದನ್ನು ಎಲ್ಲಾದರೂ ಕಾರಿಕೊಳ್ಳಬೇಕಲ್ಲ.

ಗಡ್ಡೆ ತಲೆಯ ಎಡಭಾಗದಲ್ಲಿ ಬೇರು ಬಿಟ್ಟಿದೆ, ಕತ್ತರಿ ಹಾಕುವ ಹಾಗಿಲ್ಲ. ವಸಂತದವರೆಗೆ, ಎಂದರು. ವಸಂತದ ಈ ತುದಿಯೋ ಆ ತುದಿಯೋ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವನಿಗೆ ನಲವತ್ತಾರು.

ಇಷ್ಟಾದರೂ ಗುರುವಾರದ ಆಟ ನಿಲ್ಲಲಿಲ್ಲ. ಏಳು ಗಂಟೆಗೆ ಸರಿಯಾಗಿ ನಲ್ಲಿ ರಿಪೇರಿಯ ವೆಂಡೆಲ್ ಬಂದ, ಶಾಲೆಯ ಆಫೀಸಿನ ಟ್ರಿಶ್ ಬಂದಳು. ಹತ್ತು ವರ್ಷದಿಂದ ಇದೇ ಕತೆ, ಬಾಯಲ್ಲೇ ಲೋಕ ಕಟ್ಟಿ ಆಡುವ ಆಟ. ಲೈಲ್ ರಟ್ಟಿನ ಪರದೆ ನಿಲ್ಲಿಸಿ ಅದರ ಹಿಂದೆ ಕೂತು ‘ಎದುರಿಗೆ ಕಲ್ಲಿನ ಮೆಟ್ಟಿಲು, ಏನು ಮಾಡ್ತೀರಿ?’ ಎನ್ನುವುದು, ಇವರು ದಾಳ ಉರುಳಿಸುವುದು. ಆಟದೊಳಗೆ ವೆಂಡೆಲ್ ಕಳ್ಳನಂತೆ, ಟ್ರಿಶ್ ಗದೆ ಹಿಡಿದ ಸನ್ಯಾಸಿನಿಯಂತೆ. ಮೂವರೂ ನಲವತ್ತು ದಾಟಿದವರು. ನಾನು ಚೀಸ್ ತುಂಡುಗಳ ಬಟ್ಟಲು ಮೇಜಿನ ಮೇಲಿಟ್ಟು ಮಹಡಿಗೆ ಹೋಗಿ ಟಿವಿ ಹಾಕಿಕೊಳ್ಳುತ್ತೇನೆ. ಈ ಹುಚ್ಚಾಟ ನುಂಗಿದ ನನ್ನ ಗುರುವಾರಗಳನ್ನು ಯಾರು ವಾಪಸು ಕೊಡುತ್ತಾರೆ?

ನವೆಂಬರ್ ೯

ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲಿನ ಕಾಫಿಯಲ್ಲಿ ಮಿಸೆಸ್ ವರ್ಬೆಟನ್ ನನ್ನ ಮೊಣಕೈ ಹಿಡಿದು, “ಆ ದೆವ್ವದ ಆಟಾನೇ ತಲೆಗೆ ಹತ್ತಿದ್ದು ಕಣಮ್ಮ, ನಾನು ಆವಾಗ್ಲೇ ಹೇಳಿರ್ಲಿಲ್ವಾ?” ಎಂದಳು. ನನಗೂ ಒಮ್ಮೊಮ್ಮೆ ಹಾಗನ್ನಿಸಿದ್ದುಂಟು.

ಮಧ್ಯಾಹ್ನ ಲೈಲ್ ಕೈಹಿಡಿದು ನೆಲಮಾಳಿಗೆಗೆ ಕರೆದುಕೊಂಡು ಹೋದ. ಕಾಗದದ ಗಿರಣಿಯಲ್ಲಿ ಪಾಳಿ ಮುಗಿಸಿ ಬಂದು ನಾಲ್ಕು ವರ್ಷ ಅಲ್ಲೇ ಕೂತು ಬರೆದದ್ದನ್ನು ನನ್ನ ತೊಡೆಯ ಮೇಲಿಟ್ಟ. ಹೆಸರು ‘ಮಹಾಗ್ರಂಥಾಲಯ’. ಈ ಆಟದವರು ನಿಯಮದ ಪುಸ್ತಕ ಒಂದಿದ್ದರೆ ಸಾಲದು ಎಂದು ಆಟ ನಡೆಯುವ ಜಾಗಗಳ ಪುಸ್ತಕವನ್ನೂ ಕೊಳ್ಳುತ್ತಾರೆ. ಆಡಿಸುವವರು ಅದನ್ನು ಓದಿಕೊಂಡು ಗೆಳೆಯರನ್ನು ಅದರೊಳಗೆ ನುಗ್ಗಿಸುತ್ತಾರೆ. ಮ್ಯಾಡಿಸನ್ನಿನಲ್ಲಿ ಆನ್ಸೆಲ್ ಥೋರ್ಸ್‌ಬಿ ಎಂಬುವರು ಇದನ್ನು ಅಚ್ಚು ಹಾಕುತ್ತಾರಂತೆ. ಕ್ರಿಸ್‌ಮಸ್ಸಿಗೆ ಮೊದಲು ಕಳಿಸಬೇಕು.

ಅರವತ್ನಾಲ್ಕು ಕೋಣೆ. ಪ್ರತಿ ಕೋಣೆಯ ಕೊನೆಗೂ ಒಂದೇ ಸಾಲು: ‘ಕಪಾಟಿನ ಹಿಂದಿನ ಬಾಗಿಲು ೦೦ನೇ ಕೋಣೆಗೆ ತೆರೆಯುತ್ತದೆ.’ ಎಲ್ಲ ಕಡೆಯೂ ಸೊನ್ನೆ ಸೊನ್ನೆ.

“ನಂಬರು ಎಲ್ಲಿ? ನಕ್ಷೆ ಎಲ್ಲಿ?” ಎಂದೆ.

ಅವನು ಬೆರಳಿಂದ ಹಣೆ ತಟ್ಟಿ ತೋರಿಸಿದ. ಎಪ್ಪತ್ತೊಂಬತ್ತರಲ್ಲಿ ವೆಂಡೆಲ್ ಪರದೆ ಹಿಂದೆ ಕದ್ದು ನೋಡಿ ಒಂದು ಗುಹೆಯ ಗುಟ್ಟೆಲ್ಲ ಬಯಲು ಮಾಡಿದ್ದ. ಅಂದಿನಿಂದ ಲೈಲ್ ನಕ್ಷೆಯನ್ನು ಕಾಗದದ ಮೇಲೆ ಬರೆಯುವುದೇ ಇಲ್ಲ. ಎಲ್ಲ ತಲೆಯೊಳಗೆ. ಅದೇ ತಲೆಯೊಳಗೆ.

ನವೆಂಬರ್ ೧೬

ನಾನು ಟೈಪ್ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಶಾಲೆಯ ಅಡುಗೆಮನೆ ಸೇರುವ ಮೊದಲು ಕೌಂಟಿ ಕಚೇರಿಯಲ್ಲಿ ಐದು ವರ್ಷ ಟೈಪ್‌ರೈಟರ್ ಕುಟ್ಟಿದವಳು ನಾನು. ಕಣ್ಣು ಹಾಳೆ ಬಿಟ್ಟು ಆಚೀಚೆ ಹೋಗಬಾರದು ಎಂದು ಅಲ್ಲಿ ಕಲಿಸಿದ್ದರು.

ನೆಲಮಾಳಿಗೆಯಲ್ಲಿ ಪ್ಲಗ್ ಇರುವುದು ಗೋಡೆಯ ಕಡೆ, ಹಾಗಾಗಿ ನಾನು ಗೋಡೆಗೆ ಮುಖ ಮಾಡಿ ಕೂರುತ್ತೇನೆ. ಲೈಲ್ ನನ್ನ ಹಿಂದೆ ಹಳೇ ಕುರ್ಚಿಯಲ್ಲಿ. ಕೋಣೆಯನ್ನು ಟೈಪ್ ಮಾಡಿ ಮುಗಿಸುತ್ತೇನೆ, “ಒಂದರ ಬಾಗಿಲು?” ಎನ್ನುತ್ತೇನೆ, ಅವನು ನಂಬರು ಹೇಳುತ್ತಾನೆ, ಒತ್ತುತ್ತೇನೆ. ಬೇರೆ ಮಾತಿಗೆ ತಡವರಿಸುವವನು ನಂಬರುಗಳನ್ನು ಥಟ್ಟನೆ ಹೇಳುತ್ತಾನೆ. ನನಗೇ ಆಶ್ಚರ್ಯ.

ಬರೆದದ್ದು ಅಷ್ಟೇನೂ ಕೆಟ್ಟದಾಗಿಲ್ಲ. ಗ್ರಂಥಾಲಯದೊಳಗೆ ಬೆಂಕಿ ತರುವಂತಿಲ್ಲವಂತೆ, ಎಲ್ಲರೂ ಮಿಂಚುಹುಳುವಿನ ಸೀಸೆ ಹಿಡಿದು ಓದುತ್ತಾರೆ. ಹನ್ನೊಂದನೇ ಕೋಣೆಯಲ್ಲಿ ತೆಗೆದುಕೊಂಡು ಹೋಗಿ ವಾಪಸು ಕೊಡದ ಪುಸ್ತಕಗಳ ಜಾಗಗಳಿವೆ. ಪುಸ್ತಕವಿಲ್ಲ, ಅದರ ಆಕಾರದ ಧೂಳು ಮಾತ್ರ. ಅಲ್ಲಿಯ ಕಾವಲುಗಾರ ಅದನ್ನೇ ದಿನಾ ಎಣಿಸುತ್ತಾನೆ.

ನವೆಂಬರ್ ೨೦, ಗುರುವಾರ

ಲೈಲ್‌ಗೆ ಆಟ ಆಡಿಸಲು ಆಗಲಿಲ್ಲ. ‘ಎದುರಿಗೆ’ ಎಂದು ಶುರು ಮಾಡಿ ಅಲ್ಲೇ ನಿಂತ. ಟ್ರಿಶ್ ನೆಲ ನೋಡುತ್ತಾ ಕೂತಳು. ಕೊನೆಗೆ ವೆಂಡೆಲ್, “ಇವತ್ತು ಕೋಣೆಗಳ ಕೆಲ್ಸನೇ ಮುಂದುವರ್ಸಿ, ನಾವು ಸುಮ್ನೆ ಕೂತಿರ್ತೀವಿ” ಎಂದ. ಟ್ರಿಶ್ ಮನೆಗೆ ಹೋದಳು, ವೆಂಡೆಲ್ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುವ ಯಂತ್ರದ ಕಡೆ ಮುಖ ತಿರುಗಿಸಿಕೊಂಡ.

“ಕಿವಿಗೆ ಹತ್ತಿ ಇಟ್ಕೊಂಡಿದ್ದೀನಿ ಬರ್ನಿ. ಈ ಸಲ ಕಳ್ಳ ಒಳ್ಳೆಯವನಾಗಿದ್ದಾನೆ.”

“ಹತ್ತು ವರ್ಷ ತಡ” ಎಂದೆ.

ಇಪ್ಪತ್ತನೇ ಕೋಣೆಯ ಬಾಗಿಲು ಎಲ್ಲಿಗೆ ಎಂದಾಗ ಲೈಲ್ ‘ಇಪ್ಪತ್ತು’ ಎಂದ. ಅದೇ ಕೋಣೆಗೇ? ಕೇಳೋಣವೆಂದುಕೊಂಡೆ. ಆದರೆ ಈ ಮನೆಯ ಮೇಜಿಗೆ ಒಂದು ಕಾನೂನಿದೆ: ಪರದೆ ಹಿಂದಿನಿಂದ ಒಮ್ಮೆ ಬಂದ ಮಾತು ಕಾಯಂ ಆಯಿತು, ಎರಡನೇ ಸಲ ಕೇಳುವಂತಿಲ್ಲ. ಆಡಿಸುವವನೂ ಹಿಂತೆಗೆಯುವಂತಿಲ್ಲ. ಹತ್ತು ವರ್ಷ ಮಹಡಿಯಿಂದಲೇ ಕೇಳಿ ಕೇಳಿ ನನಗೂ ಬಾಯಿಪಾಠ. ಇಪ್ಪತ್ತು ಎಂದೇ ಒತ್ತಿದೆ. ಹಿಂದೆ ಅವನು ಕುರ್ಚಿಯ ಕೈ ಬಡಿಯುತ್ತಿದ್ದ. ಬೇಗ ಬೇಗ ಎನ್ನುತ್ತಿದ್ದಾನೆ ಅಂದುಕೊಂಡು ಕೈಚುರುಕು ಮಾಡಿದೆ. ಒಂದೇ ಸಂಜೆ ಹದಿನಾರು ಬಾಗಿಲು.

ನವೆಂಬರ್ ೨೪

ಜಿಂಕೆ ಬೇಟೆ ಶುರುವಾಗಿದೆ. ಬೀದಿಯಲ್ಲಿ ಗಂಡಸರೇ ಇಲ್ಲ, ನನ್ನ ಗಂಡಸೊಬ್ಬ ಮನೆಯಲ್ಲಿ.

ಊಟಕ್ಕೆ ಸಾಸೇಜು, ಹುಳಿ ಎಲೆಕೋಸು. ಎಷ್ಟು ಹಾಕಲಿ ಎಂದರೆ ‘ಏಳು’ ಎಂದ, ಎರಡು ಬೆರಳು ತೋರಿಸಿದ. ತಮಾಷೆಗೆ ಏಳೂ ಬಡಿಸಿದೆ. ತಟ್ಟೆಯನ್ನು ದೂಡಿ ಅತ್ತುಬಿಟ್ಟ. ನನ್ನ ನಾಲಿಗೆಗೆ ಬರೆ ಹಾಕಬೇಕು. ಬಾಯಿ ಒಂದು ಹೇಳುತ್ತದೆ, ಕೈ ಒಂದು ಹೇಳುತ್ತದೆ ಎಂದು ಡಾಕ್ಟರ ಪಟ್ಟಿಯಲ್ಲಿ ಬರೆದೆ.

ಆಮೇಲೆ ಕೆಳಗೆ ಹೋಗಿ ಒಂಬತ್ತು ಬಾಗಿಲು ಮುಗಿಸಿದೆವು.

ಡಿಸೆಂಬರ್ ೭

ಮುಗಿಯಿತು! ನಾಳೆ ಅಂಚೆಗೆ.

ಐವತ್ತೆರಡನೇ ಕೋಣೆಯನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಅದು ಓದುವ ಕೋಣೆ. ಇಡೀ ಗ್ರಂಥಾಲಯ ಇರುವುದೇ ಅಲ್ಲಿಗೆ ತಲುಪಲೆಂದು. ಒಂದೂವರೆ ಪುಟ, ಅಷ್ಟೇ. ಟೈಪ್ ಮಾಡುತ್ತಾ ಮಾಡುತ್ತಾ ನನ್ನ ಕೈ ನಿಂತುಹೋಯಿತು. ಹದಿನೆಂಟು ವರ್ಷ ಜೊತೆಗೆ ಮಲಗೆದ್ದವನ ತಲೆಯಲ್ಲಿ ಇಂಥ ಜಾಗ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅದರಲ್ಲಿ ಏನಿದೆ ಎಂದು ಇಲ್ಲಿ ಬರೆಯುವುದಿಲ್ಲ. ತಲುಪದವರು ಓದುವಂತಿಲ್ಲ.

ತಿರುಗಿ ನೋಡಿದರೆ ಅವನು ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ದಣಿದು ಕೂತಿದ್ದ. ಹಣೆಗೆ ಮುತ್ತು ಕೊಟ್ಟೆ.

ಡಿಸೆಂಬರ್ ೨೫

ಲೈಲ್‌ನ ಬಲಗೈ ಬಿದ್ದುಹೋಗಿದೆ. ಬಲಗಾಲೂ. ಮಂಚವನ್ನು ಬೈಠಕ್‌ಖಾನೆಗೆ ತಂದಿದ್ದೇವೆ. ಹಬ್ಬದೂಟದ ಹ್ಯಾಮ್ ಒಲೆಯಲ್ಲೇ ಸುಟ್ಟುಹೋಯಿತು.

೧೯೮೭ ಜನವರಿ ೧೪

ಆನ್ಸೆಲ್ ಫೋನ್ ಮಾಡಿದ್ದರು. ದನಿಯಲ್ಲಿ ಹಬ್ಬ.

“ಮಿಸೆಸ್ ಶೋಮರ್, ನಿಮ್ಮವರ ತಲೆಗೆ ಶರಣು! ನಮ್ಮವರು ನಾಲ್ಕು ಸಂಜೆಯಿಂದ ಅಲೀತಿದ್ದಾರೆ, ಓದುವ ಕೋಣೆ ಸಿಕ್ಕೇ ಇಲ್ಲ. ಎಲ್ಲಿಂದ ಹೊರಟ್ರೂ ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ. ಒಬ್ಬನಂತೂ ದಾಳ ಗೋಡೆಗೆ ಎಸೆದ. ಎಂಥ ಕ್ರೂರಿ ರೀ ನಿಮ್ಮ ಗಂಡ!”

ನಗಲು ನೋಡಿದೆ, ಆಗಲಿಲ್ಲ. ಕಾರ್ಬನ್ ಪ್ರತಿಯನ್ನು ಹರಡಿಕೊಂಡು ಒಂದೊಂದೇ ಬಾಗಿಲು ಹುಡುಕಿದೆ. ಏಳಕ್ಕೆ ಹನ್ನೆರಡು ಬಾಗಿಲು. ಇಪ್ಪತ್ತಕ್ಕೆ ಒಂಬತ್ತು. ಐವತ್ತೆರಡಕ್ಕೆ ಒಂದೂ ಇಲ್ಲ. ಇಡೀ ಪುಸ್ತಕದಲ್ಲಿ ಒಂದೂ ಇಲ್ಲ.

ಏಳು. ಸಾಸೇಜಿನ ಏಳು.

ಜನವರಿ ೧೫, ಗುರುವಾರ

ವೆಂಡೆಲ್‌ಗೆ ಹೇಳಿದೆ. ನಂಬರು ಹೇಳುವಾಗ ಅವನ ನಾಲಿಗೆ ಆಗಲೇ ಕೆಟ್ಟಿತ್ತು, ನನಗೆ ಹೊಳೆಯಲಿಲ್ಲ ಎಂದೆ.

ವೆಂಡೆಲ್ ಬಿಳಿಚಿಕೊಂಡ. “ಆದ್ರೆ ಬೆರಳು? ಬೆರಳಲ್ಲಿ ತೋರಿಸ್ತಿದ್ನಲ್ಲ ಬರ್ನಿ!”

“ಯಾವ ಬೆರಳು?”

“ಬಾಯಲ್ಲಿ ಹೇಳಿದ್ದು ಸರಿಯಿಲ್ಲ ಅಂತ ಅವ್ನಿಗೇ ಗೊತ್ತಿತ್ತು ಕಣೆ. ಹತ್ತು ಬೆರಳು ಎತ್ತಿ ಎತ್ತಿ ಎಣಿಸಿ ತೋರಿಸ್ತಿದ್ದ. ಕುರ್ಚಿ ಬಡೀತಿದ್ದ. ನೀನು ನೋಡ್ಕೊಂಡೇ ಬರೀತಿದ್ದೀಯಾ ಅನ್ಕೊಂಡೆ.”

“ನೀನು ನೋಡಿದ್ಯಲ್ಲ! ಎಷ್ಟು ಬೆರಳು? ಒಂದಾದ್ರೂ ನೆನಪಿದ್ಯಾ?”

“ಪ್ರತಿ ಸಲ ಬೆರಳು ಎತ್ತೋಕೆ ಶುರು ಮಾಡಿದ್ದಷ್ಟೇ ಕಂಡಿದ್ದು. ಆಮೇಲೆ ತಿರುಗಿಬಿಟ್ಟೆ.” ಅವನು ಟೊಪ್ಪಿ ಹಿಂಡುತ್ತಿದ್ದ. “ಇನ್ನೊಂದ್ಸಲ ಕದ್ದು ನೋಡಲ್ಲ ಅಂತ ಅವ್ನಿಗೆ ಮಾತು ಕೊಟ್ಟಿದ್ದೆ.”

ನಾನು ಗೋಡೆ ನೋಡುತ್ತಿದ್ದೆ. ಇವನು ಬಟ್ಟೆ ಒಗೆಯುವ ಯಂತ್ರ ನೋಡುತ್ತಿದ್ದ. ನಮ್ಮಿಬ್ಬರ ನಡುವೆ ಕೂತು ಲೈಲ್ ಮೂರು ವಾರ ತನ್ನ ಗ್ರಂಥಾಲಯವನ್ನು ಸರಿಯಾಗಿ ಹೇಳಿದ. ಕೇಳಿದವರು ಯಾರೂ ಇಲ್ಲ.

ಜನವರಿ ೧೬

ಆನ್ಸೆಲ್‌ಗೆ ಫೋನ್ ಮಾಡಿ ಬಾಗಿಲಿನ ನಂಬರುಗಳೆಲ್ಲ ತಪ್ಪು ಎಂದೆ. ಪುಟಗಳು ಅಚ್ಚಿಗೆ ಹೋಗಿಯಾಗಿವೆ. “ಅಯ್ಯೋ, ಅದೇ ಈ ಪುಸ್ತಕದ ಜೀವ ಮಿಸೆಸ್ ಶೋಮರ್. ದಾರಿ ಸಿಕ್ಕಿಬಿಟ್ರೆ ಇನ್ನೇನಿದೆ?”

ಒಳ್ಳೆಯ ಮನುಷ್ಯ. ಅವರಿಗೆ ಶಾಪ ಹಾಕಲೂ ಆಗುವುದಿಲ್ಲ.

ಜನವರಿ ೨೧

ನಾನೇ ಅರವತ್ನಾಲ್ಕು ಚೌಕ ಗೀಚಿದ ಖಾಲಿ ನಕ್ಷೆಯನ್ನು ಲೈಲ್‌ನ ಎದುರಿಗೆ ಹಿಡಿದೆ. ಎಡಗೈಯಿಂದ ಅದರ ಅಂಚನ್ನು ಸವರಿದ, ಅಷ್ಟೆ. ಬೆರಳು ಎಣಿಸಲೂ ಬರುವುದಿಲ್ಲ ಈಗ. ನಾನು ಮುಖಕ್ಕೆ ಮುಖ ಕೊಟ್ಟು ಕೂತಿದ್ದೇನೆ, ಈಗ.

ಜನವರಿ ೨೮

ಒಂದು ದಾರಿ ಸಿಕ್ಕಿದೆ. ಹೌದು ಎನ್ನಬೇಕಾದಾಗ ಅವನು ಎಡಗೈಯಿಂದ ನನ್ನ ಕೈ ಒತ್ತುತ್ತಾನೆ. ನೀರು ಬೇಕಾ, ದಿಂಬು ಬೇಕಾ, ಎಲ್ಲದಕ್ಕೂ ಅದೇ. ಹಾಗಾದರೆ ನಂಬರುಗಳನ್ನು ನಾನೇ ಹೇಳಿದರೆ?

“ಲೈಲ್, ಒಂದನೇ ಕೋಣೆ. ದೊಡ್ಡ ಹೆಬ್ಬಾಗಿಲು, ಹಳೇ ಏಣಿಗಳು. ಕಪಾಟಿನ ಹಿಂದಿನ ಬಾಗಿಲು ಎಲ್ಲಿಗೆ?” ಎಂದು ಕೋಣೆಯನ್ನು ಪೂರ್ತಿ ಓದಿ, ಆಮೇಲೆ ಎರಡು, ಮೂರು, ನಾಲ್ಕು ಎಂದು ನಿಧಾನಕ್ಕೆ ಹೇಳುತ್ತಾ ಹೋದೆ. ಇಪ್ಪತ್ಮೂರಕ್ಕೆ ಒತ್ತಿದ. ಮತ್ತೆ ಮೊದಲಿಂದ ಹೇಳಿದೆ. ಮತ್ತೆ ಇಪ್ಪತ್ಮೂರಕ್ಕೇ.

ಮೇಜಿನ ಕಾನೂನು ಮುರಿದೆ, ಎರಡು ಸಲ ಕೇಳಿದೆ. ಸಾಯಲಿ ಕಾನೂನು.

ಎಲ್ಲ ಅರವತ್ನಾಲ್ಕಕ್ಕೆ ಸಮಯವಿಲ್ಲ. ಒಂದರಿಂದ ಇಪ್ಪತ್ಮೂರು, ಅಲ್ಲಿಂದ ಮುಂದಿನದು, ಹೀಗೆ ಒಂದೇ ದಾರಿ ಹಿಡಿದು ಹೋಗುತ್ತೇನೆ. ಓದುವ ಕೋಣೆ ಎಷ್ಟು ಬಾಗಿಲು ದಾಟಿದ ಮೇಲೋ ದೇವರೇ ಬಲ್ಲ.

ಫೆಬ್ರವರಿ ೫, ಗುರುವಾರ

ಇಪ್ಪತ್ಮೂರರಿಂದ ಎಂಟು. ಎಂಟರಿಂದ ನಲವತ್ತು. ಎಂಟು ದಿನಕ್ಕೆ ಮೂರು ಬಾಗಿಲು. ಎಚ್ಚರ ಇರುವುದೇ ದಿನಕ್ಕೆ ಒಂದು ಗಂಟೆ.

ಶಾಲೆಯಲ್ಲಿ ಸೂಪು ಕಲಕುತ್ತಾ ನಲವತ್ತನೇ ಕೋಣೆಯ ಬಗ್ಗೆಯೇ ಯೋಚಿಸುತ್ತಿದ್ದೆ. ಅಲ್ಲಿ ಅಂಚೆಗೆ ಹಾಕದ ಪತ್ರಗಳಿವೆ, ಬರೆದವರು ಬಂದು ಕೇಳಿದರೆ ಮಾತ್ರ ಕೊಡುತ್ತಾರೆ. ಕಾವಲಿನವಳು ಬಲು ಜೋರು, ಆದರೆ ಅವಳಿಗೆ ಮಂಡಿನೋವು, ಮೇಲಿನ ಸಾಲಿಗೆ ಹತ್ತುವುದಿಲ್ಲ. ಮೇಲಿನ ಸಾಲನ್ನೇ ನೋಡಬೇಕು.

ಆಡಿಸುವವರಿಲ್ಲದೆ ಎಷ್ಟು ಗುರುವಾರ ಕೂರುವುದು ಎಂದು ಟ್ರಿಶ್ ಪರದೆಯನ್ನು ನನ್ನ ಕಡೆ ತಿರುಗಿಸಿದಳು. “ಕೂತ್ಕೊ ಬರ್ನಿ. ಒಳಗೇನಿದೆ ಅಂತ ಗೊತ್ತಿರೋದು ನಿಂಗೊಬ್ಳಿಗೇ.” ಕೂತೆ. ಸಿಕ್ಕಿರುವ ಬಾಗಿಲುಗಳಷ್ಟೇ ಆಡಿಸಿದೆ. ಲೈಲ್ ಮಂಚದಿಂದ ನೋಡುತ್ತಿದ್ದ.

ಫೆಬ್ರವರಿ ೧೫

ಮಿಸೆಸ್ ವರ್ಬೆಟನ್ ಮತ್ತೆ ದೆವ್ವದ ಮಾತೆತ್ತಿದಳು. “ಮೊಣಕೈ ಬಿಡಿ” ಎಂದೆ. “ನಿಮ್ಮ ಸ್ವರ್ಗದ ನಕ್ಷೆ ನಿಮ್ಮ ಹತ್ರ ಇದ್ರೆ ತೋರಿಸಿ, ಇಲ್ಲದಿದ್ರೆ ಸುಮ್ನಿರಿ.” ಇನ್ನು ನನಗೆ ಕಾಫಿ ಸಿಗುವುದಿಲ್ಲ ಅಲ್ಲಿ.

ಒಟ್ಟು ಆರು ಬಾಗಿಲು. ನಲವತ್ತರಿಂದ ಹನ್ನೊಂದು, ಅಲ್ಲಿಂದ ಅರವತ್ತು, ಅರವತ್ತರಿಂದ ಹದಿನೈದು.

ಪ್ರತಿ ಸಲ ಐವತ್ತೆರಡು ಎನ್ನುವಾಗ ನನ್ನ ದನಿ ತಾನಾಗಿ ನಿಧಾನವಾಗುತ್ತದೆ. ಮೋಸ ಇದು, ಗೊತ್ತು. ಅವನ ಕೈ ಒತ್ತುವುದಿಲ್ಲ. ಆ ಮನುಷ್ಯ ಸಾಯುವಾಗಲೂ ಆಟದಲ್ಲಿ ರಿಯಾಯಿತಿ ಕೊಡುವವನಲ್ಲ.

ಫೆಬ್ರವರಿ ೨೭

ಹದಿನೈದರಿಂದ ಎರಡು. ಎರಡರಿಂದ ನಲವತ್ತೊಂಬತ್ತು. ಇವತ್ತು ನಲವತ್ತೊಂಬತ್ತರಿಂದ ಮೂವತ್ತೇಳು. ಒಟ್ಟು ಒಂಬತ್ತು. ಒತ್ತು ಎಷ್ಟು ಹಗುರ ಎಂದರೆ ನಾಲ್ಕು ಸಲ ಎಣಿಸಬೇಕಾಯಿತು.

ಅವನ ಪಾದಗಳು ತಣ್ಣಗಿವೆ.

ಮಾರ್ಚ್ ೩

ಮೂವತ್ತೇಳನೇ ಕೋಣೆ ಓದಿದೆ. ಒಂದರಿಂದ ಅರವತ್ನಾಲ್ಕು ಹೇಳಿದೆ. ಒತ್ತಲಿಲ್ಲ. ಮತ್ತೆ ಹೇಳಿದೆ.

ಮಾರ್ಚ್ ೪

ಮೂರು ಸಲ. ಕೈ ಬಿಸಿ ಇದೆ, ಒತ್ತು ಇಲ್ಲ.

ಮಾರ್ಚ್ ೫, ಗುರುವಾರ

ಸಂಜೆ ನಾಲ್ಕು ಗಂಟೆಗೆ ಹೋದ. ನಾನು ಮೂವತ್ತೊಂದರಲ್ಲಿದ್ದೆ. ಗೊತ್ತಾಗದೆ ಮೂವತ್ತೆರಡು, ಮೂವತ್ಮೂರು ಎಂದೂ ಹೇಳಿದೆ.

ಏಳಕ್ಕೆ ಅವರಿಬ್ಬರೂ ಬಂದರು. ಬಾಗಿಲು ತೆಗೆದು ಇಲ್ಲ ಎಂದೆ.

ಏಪ್ರಿಲ್ ೨, ಗುರುವಾರ

ನಾಲ್ಕು ವಾರ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಫಾಕ್ಸ್ ನದಿಯ ಮಂಜುಗಡ್ಡೆ ಕರಗಿದೆಯಂತೆ.

ಪುಸ್ತಕ ಬಂದಿದೆ. ಚೆನ್ನಾಗಿ ಅಚ್ಚಾಗಿದೆ, ಮುಖಪುಟದ ಮೇಲೆ ಲೈಲ್‌ನ ಹೆಸರು. ಒಂದನೇ ಕೋಣೆಯ ಬಾಗಿಲು ಏಳನೇ ಕೋಣೆಗೆ ತೆರೆಯುತ್ತದೆ ಎಂದಿದೆ. ವೆಂಡೆಲ್‌ಗೆ ಒಂದು, ಟ್ರಿಶ್‌ಗೆ ಒಂದು ಕೊಟ್ಟೆ. ಇಬ್ಬರೂ ತೆರೆಯಲಿಲ್ಲ. ಆಡುವವರು ಆಡಿಸುವವರ ಪುಸ್ತಕ ಓದಬಾರದು.

ಪರದೆ ನಿಲ್ಲಿಸಿದೆ. ಪುಸ್ತಕವನ್ನು ಪಕ್ಕಕ್ಕಿಟ್ಟು ನನ್ನ ಪೆನ್ಸಿಲ್ಲಿನ ಒಂಬತ್ತು ನಂಬರಿನ ಚೀಟಿ ಹಿಡಿದು ಹೆಬ್ಬಾಗಿಲಿನಿಂದ ಆಡಿಸಿದೆ. ವೆಂಡೆಲ್‌ನ ಕಳ್ಳ ನಲವತ್ತನೇ ಕೋಣೆಯ ಮೇಲಿನ ಸಾಲಿಗೆ ಹತ್ತಿ ಪತ್ರ ಕದ್ದ. ಟ್ರಿಶ್‌ಳ ಸನ್ಯಾಸಿನಿ ಕಾವಲಿನವಳ ಮಂಡಿಗೆ ಎಣ್ಣೆ ತಿಕ್ಕಿದಳು. ಮಧ್ಯೆ ಒಮ್ಮೆ ಮೂವರೂ ನಕ್ಕೆವು. ಮೂವತ್ತೇಳನೇ ಕೋಣೆ ತಲುಪಿದರು. ನೆರೆಯಲ್ಲಿ ನೆನೆದ ಪುಸ್ತಕಗಳನ್ನು ಹಗ್ಗದ ಮೇಲೆ ಬಟ್ಟೆಯ ಹಾಗೆ ಒಣಗಲು ಹಾಕಿರುವ ಕೋಣೆ ಅದು. ಯಾವುದೂ ಇನ್ನೂ ಒಣಗಿಲ್ಲ.

“ಕಪಾಟು ಸರಿಸ್ತೀನಿ” ಎಂದ ವೆಂಡೆಲ್. “ಬಾಗಿಲು ಎಲ್ಲಿಗೆ?”

“ನಂಗೊತ್ತಿಲ್ಲ.”

ಪರದೆ ಹಿಂದೆ ಕೂತವರು ಹಾಗೆ ಹೇಳುವಂತಿಲ್ಲ. ಇಬ್ಬರೂ ನನ್ನ ಮುಖ ನೋಡಿದರು.

“ಓದೋ ಕೋಣೆಗೆ ಅಂದ್ಬಿಡೆ” ಎಂದಳು ಟ್ರಿಶ್, ಮೆಲ್ಲಗೆ. “ಇಷ್ಟು ದೂರ ಬಂದಿದ್ದೀವಿ. ಅವ್ನೇನು ಬೇಡ ಅಂತಿದ್ನಾ?”

ಬಾಯಿ ತೆರೆದೆ. ಐವತ್ತೆರಡು ಎಂದು ಒಂದು ಮಾತು, ಅಷ್ಟೇ ಸಾಕಿತ್ತು. ಆದರೆ ಇಲ್ಲಿಂದ ಹೇಳಿದ ಮಾತು ಕಾಯಂ ಆಗುತ್ತದೆ. ನಾನು ಹೇಳಿದ ಕ್ಷಣ ಅದೇ ನಿಜವಾಗುತ್ತದೆ, ಲೈಲ್‌ನ ಬಾಗಿಲು ಎಲ್ಲಿಗಿತ್ತೋ ಅಲ್ಲಿಗೆ ಇನ್ನೆಂದೂ ಇರುವುದಿಲ್ಲ. ಅಚ್ಚಿನವರು ಒಂದು ಸಲ ಮುಚ್ಚಿದ್ದಾರೆ. ನಾನು ಇನ್ನೊಂದು ಸಲ ಮುಚ್ಚಲಾರೆ. ಅಳು ಬಂತು, ಅತ್ತೆ.

ವೆಂಡೆಲ್ ದಾಳವನ್ನು ಮೇಜಿನ ಮೇಲಿಟ್ಟ. “ಹಾಗಾದ್ರೆ ನನ್ನ ಕಳ್ಳ ಇಲ್ಲೇ ಇರ್ತಾನೆ” ಎಂದು ಕಳ್ಳನ ವಿವರವೆಲ್ಲ ಬರೆದಿಟ್ಟುಕೊಂಡ ತನ್ನ ಪಾತ್ರದ ಹಾಳೆಯ ಮೇಲೆ ‘ಮೂವತ್ತೇಳು’ ಎಂದು ಬರೆದ. ಟ್ರಿಶ್ ಪೆನ್ಸಿಲ್ ಇಸಿದುಕೊಂಡು ತಾನೂ ಬರೆದಳು.

ಹತ್ತು ವರ್ಷದಲ್ಲಿ ಯಾರೂ ತಮ್ಮ ಹಾಳೆಯನ್ನು ಈ ಮನೆಯಲ್ಲಿ ಬಿಟ್ಟು ಹೋದದ್ದಿಲ್ಲ. ಮಡಚಿ ಜೇಬಿಗಿಟ್ಟುಕೊಂಡೇ ಹೋಗುವುದು, ಮುಂದಿನ ಗುರುವಾರ ಅದನ್ನು ಬಿಡಿಸುತ್ತಲೇ ಬರುವುದು. ಇವತ್ತು ಇಬ್ಬರೂ ಮೇಜಿನ ಮೇಲೆಯೇ ಬಿಟ್ಟು ಕೋಟು ಹಾಕಿಕೊಂಡರು. ನಾನೂ ‘ಮರೆತಿರಿ’ ಎನ್ನಲಿಲ್ಲ.